ಅಕ್ಕೋರಿಗೆ ಪ್ರಶ್ನೆ: ಆನಾ ಎಂಬ ಹುಡುಗಿ, ಚೌಕಿಯ ರಾಕ್ಷಸ

ಕಳೆದ ತಿಂಗಳು ರಾತ್ರಿ ಬೆಚ್ಚಿ ಏಳುವ ಮಗುವಿನ ಬಗ್ಗೆ ಒಬ್ಬರು ಕೇಳಿದ್ದರು. ಉತ್ತರ ಬರೆಯುವಾಗ, "ಸ್ಪೇನಿನ ಆನಾ ತೊರೆಂತ್ ಆರು ವರ್ಷದವಳಿದ್ದಾಗ ಸಿನಿಮಾ ನೋಡಿ ಹೆದರಿದ ಹಾಗೆ" ಅಂತ ಒಂದು ಸಾಲು ಸೇರಿಸಿ ಮುಂದೆ ಹೋಗಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅಡಿಕೆ ಕೊಳೆ, ಅತ್ತೆ ಸೊಸೆ, ಮಕ್ಕಳ ಕೈಬರಹ, ಎಲ್ಲ ಮುಂದಿನ ತಿಂಗಳಿಗೆ ಕಾಯಲಿ. ಈ ಸಲ ಪೂರ್ತಿ ಆನಾ ಲೆಕ್ಕ.

ಪ್ರಶ್ನೆ: ಅಕ್ಕೋರೇ, ಯಾರು ಈ ಆನಾ? ಹೆಸರು ಹಾಕಿ ಹುಡುಕಿದರೆ ಕದ್ದ ಸಿನಿಮಾ ಇಳಿಸಿಕೊಳ್ಳುವ ಟೊರೆಂಟ್ ಸೈಟುಗಳೇ ಬರುತ್ತವೆ! ಈಗಲೂ ನಟಿಸುತ್ತಿದ್ದಾರಾ?
(ಡಿಗ್ರಿ ವಿದ್ಯಾರ್ಥಿ, ಅಂಕೋಲಾ)

ನಿನ್ನ ತಪ್ಪೇನಿಲ್ಲ ಮಾರಾಯ, ಅಡ್ಡಹೆಸರೇ ಹಾಗಿದೆ. ಸಿನಿಮಾದ ಹೆಸರನ್ನೂ ಸೇರಿಸಿ ಹುಡುಕು, ಸಿಗುತ್ತದೆ.

ಆನಾ ಹುಟ್ಟಿದ್ದು 1966ರ ಜುಲೈನಲ್ಲಿ, ಮ್ಯಾಡ್ರಿಡ್‌ನಲ್ಲಿ. ಮೊದಲ ಸಿನಿಮಾ ಬಂದಿದ್ದು 1973ರಲ್ಲಿ. ಶೂಟಿಂಗ್ ಆಗುವಾಗ ಅವಳಿಗೆ ಆರು ವರ್ಷ. ನಮ್ಮ ಲೆಕ್ಕದಲ್ಲಿ ಒಂದನೇ ಕ್ಲಾಸು. ಆ ಕ್ಲಾಸಿಗೆ ನಾನು 31 ವರ್ಷ ಪಾಠ ಮಾಡಿದ್ದೇನೆ. ಹಾಗಾಗಿ ಆರು ವರ್ಷದವಳಿಗೆ 'ಅವರು' ಅನ್ನಲು ಬಾಯಿ ಬರುವುದಿಲ್ಲ. ದೊಡ್ಡವರಾದ ಮೇಲಿನ ಕತೆಗೆ ಬಹುವಚನ ಹಚ್ಚುತ್ತೇನೆ.

ಸಿನಿಮಾದ ಹೆಸರು 'ಎಲ್ ಎಸ್ಪಿರಿತು ದೆ ಲಾ ಕೋಲ್ಮೆನಾ'. ಜೇನುಗೂಡಿನ ಆತ್ಮ ಅನ್ನಬಹುದು. ನಿರ್ದೇಶಕ ವಿಕ್ತೋರ್ ಎರಿಸೆ. ಕತೆ ನಡೆಯುವುದು 1940ರಲ್ಲಿ. ಸ್ಪೇನಿನ ಅಂತರ್ಯುದ್ಧ ಆಗಷ್ಟೇ ಮುಗಿದಿದೆ. ಮನೆಗಳಲ್ಲಿ ಮಾತು ಕಮ್ಮಿ. ಅಂಥ ಒಂದು ಹಳ್ಳಿಗೆ ಲಾರಿಯಲ್ಲಿ ಸಿನಿಮಾ ಬರುತ್ತದೆ. ಜನ ಮನೆಯಿಂದ ಕುರ್ಚಿ ಹೊತ್ತುಕೊಂಡು ಬಂದು ಕೂರುತ್ತಾರೆ. ನಾನು ಸಣ್ಣವಳಿದ್ದಾಗ ಶಿರಸಿ ಮಾರಿಜಾತ್ರೆಯ ಟೆಂಟ್ ಸಿನಿಮಾಕ್ಕೆ ಅಮ್ಮ ಚಾಪೆ ಸುತ್ತಿಕೊಂಡು ಬರುತ್ತಿದ್ದಳು, ಥೇಟ್ ಹಾಗೇ. ಅಲ್ಲಿ ತೋರಿಸುವುದು ಒಬ್ಬ ದೈತ್ಯನ ಕತೆ, 1931ರ 'ಫ್ರಾಂಕೆನ್‌ಸ್ಟೈನ್'. ಕೆರೆ ದಡದಲ್ಲಿ ಒಂದು ಪುಟ್ಟ ಹುಡುಗಿ ಆ ದೈತ್ಯನ ಜೊತೆ ಹೂವಿನ ಆಟ ಆಡುತ್ತಾಳೆ. ಆಗ ಎರಿಸೆ ಪರದೆ ಬಿಟ್ಟು ಆನಾಳ ಮುಖ ತೋರಿಸುತ್ತಾರೆ.

ಆ ಮುಖವನ್ನು ಎಷ್ಟು ಸಲ ಹಿಂದೆ ತಿರುಗಿಸಿ ನೋಡಿದೆನೋ ಲೆಕ್ಕವಿಲ್ಲ. ಬಾಯಿ ಅರ್ಧ ತೆರೆದಿದೆ. ಕಪ್ಪು ಕಣ್ಣು ಎರಡೂ ಪರದೆಗೆ ಅಂಟಿವೆ. ರೆಪ್ಪೆ ಹೊಡೆಯುವುದೂ ಮರೆತ ಹಾಗಿದೆ. ಅಲ್ಲಿ ಯಾರೂ ಅವಳಿಗೆ ಹೀಗೆ ಮಾಡು, ಹಾಗೆ ಮಾಡು ಅನ್ನಲಿಲ್ಲ. ಅವಳ ಎದುರು ನಿಜವಾಗಿಯೂ ಆ ಸಿನಿಮಾ ಓಡುತ್ತಿತ್ತು. ಕ್ಯಾಮೆರಾಮನ್ ಲೂಯಿಸ್ ಕ್ವಾದ್ರಾದೋ ಕ್ಯಾಮೆರಾವನ್ನು ಕೈಯಲ್ಲೇ ಹಿಡಿದುಕೊಂಡು ಅವಳ ಮುಖವನ್ನು ಕಾದರು. ಅವರಿಗೆ ಆ ಹೊತ್ತಿಗೇ ದೃಷ್ಟಿ ಮಂದವಾಗುತ್ತಿತ್ತು ಅನ್ನುವುದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಹುಡುಗಿಯನ್ನು ಆರಿಸುವಾಗ, ಫ್ರಾಂಕೆನ್‌ಸ್ಟೈನ್ ಗೊತ್ತಾ ಅಂತ ಎರಿಸೆ ಕೇಳಿದರಂತೆ. ಗೊತ್ತು, ಆದರೆ ಇನ್ನೂ ಯಾರೂ ಪರಿಚಯ ಮಾಡಿಸಿಲ್ಲ ಅಂದಳಂತೆ. ಅದು ತಮಾಷೆಯ ಮಾತಲ್ಲ. ಒಂದನೇ ಕ್ಲಾಸಿನವರು ತಮಾಷೆ ಮಾಡುವುದಿದ್ದರೆ ಹೇಳುವ ಮೊದಲೇ ನಕ್ಕುಬಿಡುತ್ತಾರೆ.

ಇನ್ನೊಂದು ಸಂಗತಿ. ಮನುಷ್ಯನಿಗೊಂದು ಹೆಸರು, ಪಾತ್ರಕ್ಕೊಂದು ಹೆಸರು ಅನ್ನುವುದು ಆ ಹುಡುಗಿಯ ತಲೆಗೆ ಹೋಗಲಿಲ್ಲ. ಎರಿಸೆ ಹಟ ಹಿಡಿಯಲಿಲ್ಲ. ಎಲ್ಲರಿಗೂ ಅವರವರ ಹೆಸರನ್ನೇ ಇಟ್ಟುಬಿಟ್ಟರು. ಅಪ್ಪನ ಪಾತ್ರ ಮಾಡಿದ ಫೆರ್ನಾಂದೋ ಫೆರ್ನಾನ್ ಗೋಮೆಸ್ ಕತೆಯಲ್ಲೂ ಫೆರ್ನಾಂದೋ. ಅಮ್ಮ ತೆರೆಸಾ. ಅಕ್ಕ ಇಸಬೆಲ್. ಇವಳು ಆನಾ. ಇದನ್ನು ಓದಿ ನನಗೆ ನಗು ಬಂತು. ಒಂದು ವರ್ಷ ಶಾಲೆಯ ಗ್ಯಾದರಿಂಗಿಗೆ ರಾಜನ ನಾಟಕ ಮಾಡಿಸಿದ್ದೆ. ರಾಜ "ಮಂತ್ರಿಗಳೇ" ಅಂತ ಕರೆದಾಗೆಲ್ಲ ನಮ್ಮ ಮಂತ್ರಿ ಹಿಂದೆ ತಿರುಗಿ, ಯಾರು ಬಂದರು ಅಂತ ನೋಡುತ್ತಿದ್ದ. ಮೂರು ದಿನ ಬೈದೆ. ನಾಲ್ಕನೇ ದಿನ, ಅವನ ಹೆಸರು ಹಿಡಿದೇ ಕರಿ ಅಂತ ರಾಜನಿಗೆ ಹೇಳಿಕೊಟ್ಟೆ. ಸರಿಹೋಯಿತು. ಎರಿಸೆಗೆ ಇದು ಬೈಯದೆಯೇ ಹೊಳೆದಿತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. 1976ರಲ್ಲಿ ಕಾರ್ಲೋಸ್ ಸೌರಾ ಅವರ 'ಕ್ರಿಯಾ ಕ್ವೆರ್ವೋಸ್'. ಕಾಗೆ ಸಾಕಿದರೆ ನಿನ್ನ ಕಣ್ಣನ್ನೇ ಕುಕ್ಕೀತು ಅಂತ ಅವರಲ್ಲೊಂದು ಗಾದೆಯಿದೆ, ಅದರ ಅರ್ಧವೇ ಸಿನಿಮಾದ ಹೆಸರು. ನಾವು ಹಾವಿಗೆ ಹಾಲೆರೆದ ಹಾಗೆ ಅನ್ನುತ್ತೇವಲ್ಲ, ಅದೇ. ಅದರಲ್ಲಿ ಅವಳು ತಾಯಿಯನ್ನು ಕಳೆದುಕೊಂಡ ಹುಡುಗಿ. ಒಂದು ಡಬ್ಬಿಯ ಬಿಳಿ ಪುಡಿ ಭಾರೀ ವಿಷ ಅಂತ ನಂಬಿಕೊಂಡಿರುತ್ತಾಳೆ. ನೋಡಿದರೆ ಅದು ಸೋಡಾ ಪುಡಿ! ತಾಯಿಯ ಪಾತ್ರದಲ್ಲಿ ಚಾರ್ಲಿ ಚಾಪ್ಲಿನ್ ಮಗಳು ಜೆರಾಲ್ಡೀನ್ ಚಾಪ್ಲಿನ್. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿಯ ವಿಶೇಷ ಪ್ರಶಸ್ತಿ ಬಂತು. 1980ರಲ್ಲಿ 'ಎಲ್ ನಿದೋ', ಅಂದರೆ ಹಕ್ಕಿಗೂಡು. ಅದಕ್ಕೆ ಮಾಂಟ್ರಿಯಲ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ, 14ನೇ ವಯಸ್ಸಿಗೆ. 1992ರಲ್ಲಿ 'ವಾಕಾಸ್', ಅಂದರೆ ದನಗಳು. ಜೇನು, ಕಾಗೆ, ಹಕ್ಕಿಗೂಡು, ದನ! ನಮ್ಮ ಮನೆಯ ಅಂಗಳದಲ್ಲೇ ಎಲ್ಲ ಸಿನಿಮಾ ತೆಗೆಯಬಹುದಿತ್ತು. 2008ರ ಇಂಗ್ಲಿಷ್ ಸಿನಿಮಾ 'ದ ಅದರ್ ಬೋಲಿನ್ ಗರ್ಲ್'ನಲ್ಲಿ ಎಂಟನೇ ಹೆನ್ರಿಯ ಮೊದಲ ರಾಣಿ ಕ್ಯಾಥರೀನ್ ಪಾತ್ರ ಮಾಡಿದರು. ಆ ರಾಣಿಯೂ ಸ್ಪೇನಿನವಳೇ. ಐವತ್ತು ದಾಟಿದ ಮೇಲೂ ನಟಿಸಿದ್ದಾರೆ. ಅದನ್ನು ಕೆಳಗೆ ಹೇಳುತ್ತೇನೆ.

ಪ್ರಶ್ನೆ: ನಮಸ್ಕಾರ ಅಕ್ಕೋರೇ. ನೀವು ಹೇಳಿದ್ದೀರಿ ಅಂತ ಆ ಸಿನಿಮಾ ನೋಡಿದೆ. ಸುಮ್ನೆ ಕೂತು ಪರದೆ ನೋಡಿದ ಮಗುವನ್ನು ದೊಡ್ಡ ನಟಿ ಅನ್ನುವುದು ಎಷ್ಟು ಸರಿ? ನಮ್ಮ ಮೇಳದಲ್ಲಿ ಬಾಲಗೋಪಾಲ ವೇಷ ಹಾಕುವುದಕ್ಕೂ ಹೆಜ್ಜೆ, ತಾಳ ಕಲಿಯಬೇಕು.
(ಯಕ್ಷಗಾನ ಅಭಿಮಾನಿ, ಹೊನ್ನಾವರ)

ಅರ್ಧ ಒಪ್ಪಿದೆ. ನಿಮ್ಮ ಪಕ್ಕದ ಗುಣವಂತೆಯಲ್ಲಿ 1934ರಿಂದ ಕೆರೆಮನೆ ಮೇಳ ಇದೆ. ಕಲಿಕೆ ಅಂದರೆ ಏನು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಉಳಿದ ಅರ್ಧಕ್ಕೆ ನನ್ನದೊಂದು ಕತೆ. ನನಗೆ ಏಳು ವರ್ಷ ಇರಬಹುದು. ನಮ್ಮೂರ ಗದ್ದೆಯಲ್ಲಿ ಯಕ್ಷಗಾನದ ಆಟ. ನಿದ್ದೆಗಣ್ಣಲ್ಲಿ ಅಮ್ಮನನ್ನು ಹುಡುಕುತ್ತಾ ದಾರಿ ತಪ್ಪಿ ಚೌಕಿಗೆ, ಅಂದರೆ ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ, ಹೊಕ್ಕಿಬಿಟ್ಟೆ. ಅಲ್ಲಿ ರಾಕ್ಷಸ ಕೂತಿದ್ದ. ಅರ್ಧ ಮುಖಕ್ಕೆ ಬಣ್ಣ ಆಗಿತ್ತು, ಇನ್ನರ್ಧ ಬರೀ ಮನುಷ್ಯ. ಬಶಿಗೆ ಚಾ ಬಗ್ಗಿಸಿಕೊಂಡು ಊದಿ ಊದಿ ಕುಡಿಯುತ್ತಿದ್ದ. ನನ್ನನ್ನು ನೋಡಿ "ಚಾ ಬೇಕನೇ ಕೂಸೇ?" ಅಂದ. ಬಣ್ಣ ಇಲ್ಲದ ಕಡೆಯ ಕಣ್ಣು ನಗುತ್ತಿತ್ತು. ನಾನು ಬೇಡ ಅಂತ ತಲೆ ಅಲ್ಲಾಡಿಸಿದೆ. ಆಮೇಲೆ ಅಮ್ಮನ ಮಡಿಲಲ್ಲಿ ಕೂತು ಅದೇ ಮನುಷ್ಯ ರಂಗಕ್ಕೆ ಬಂದಾಗ ನೋಡಿದೆ. ಚಾ ಕುಡಿದವನೇ ಅಂತ ಚೆನ್ನಾಗಿ ಗೊತ್ತು. ಆದರೂ ಅವನು ಅಬ್ಬರಿಸಿದ ಕೂಡಲೇ ಸೆರಗಿನೊಳಗೆ ಮುಖ ಹುದುಗಿಸಿದೆ. ಗೊತ್ತಿರುವುದೂ ಹೆದರುವುದೂ ಒಟ್ಟೊಟ್ಟಿಗೆ ಇರುತ್ತವೆ ಆ ವಯಸ್ಸಲ್ಲಿ.

ಆನಾಗೂ ಹಾಗೇ ಆಗಿತ್ತು. ದೈತ್ಯನ ವೇಷ ಹಾಕಿದ ನಟನನ್ನು ಕಂಡು ಸೆಟ್‌ನಲ್ಲೇ ಹೆದರಿದಳಂತೆ. ಮೊದಲ ಸಿನಿಮಾದ ಆನಾ ನಟಿಸಲಿಲ್ಲ, ನಂಬಿದಳು. ಅದನ್ನು ನಾನೂ ನಟನೆ ಅನ್ನುವುದಿಲ್ಲ. ಆದರೆ ನಂಬುವುದು ಬಾರದವನಿಗೆ ತಾಳ ಕಲಿಸಿ ಏನು ಮಾಡುತ್ತೀರಿ?

ಅವರ ನಟನೆ ನೋಡಬೇಕು ಅಂದರೆ 1996ರ 'ತೆಸಿಸ್' ನೋಡಿ. ಅಲೆಹಾಂದ್ರೋ ಅಮೆನಾಬಾರ್ ಎಂಬ ಹುಡುಗನ ಮೊದಲ ದೊಡ್ಡ ಚಿತ್ರ. ಏಳು ಗೋಯಾ ಪ್ರಶಸ್ತಿ ಬಂದವು, ಅಲ್ಲಿನ ದೊಡ್ಡ ಸಿನಿಮಾ ಪ್ರಶಸ್ತಿ ಅದು. ಆನಾ ಅದರಲ್ಲಿ ಕಾಲೇಜು ಹುಡುಗಿ ಆಂಹೆಲಾ. ಪರದೆಯ ಮೇಲಿನ ಹಿಂಸೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ. ಶುರುವಿಗೇ ರೈಲು ನಿಲ್ಲುತ್ತದೆ. ಹಳಿಗೆ ಯಾರೋ ಬಿದ್ದಿದ್ದಾರೆ, ಆ ಕಡೆ ನೋಡದೆ ಹೋಗಿ ಅಂತ ಪ್ರಯಾಣಿಕರಿಗೆ ಹೇಳುತ್ತಾರೆ. ಎಲ್ಲರೂ ಗೋಡೆ ಬದಿಗೆ ನಡೆಯುತ್ತಾರೆ. ಇವಳ ಕಾಲು ಮಾತ್ರ ಹಳಿಯ ಕಡೆಗೆ ಜಾರುತ್ತದೆ. ನೋಡಬಾರದು, ನೋಡಬೇಕು, ಎರಡೂ ಒಂದೇ ಮುಖದಲ್ಲಿ. ಆ ಕಣ್ಣು ನನಗೆ ಗುರುತು ಸಿಕ್ಕಿತು. 23 ವರ್ಷದ ಹಿಂದೆ ಹಳ್ಳಿಯ ಕುರ್ಚಿಯಲ್ಲಿ ಕೂತು ದೈತ್ಯನನ್ನು ನೋಡಿದ್ದೂ ಅದೇ ಕಣ್ಣು. ಈ ಸಲ ಮಾತ್ರ ಅದು ಹೇಗೆ ಕಾಣುತ್ತದೆ ಅಂತ ಅವರಿಗೇ ಗೊತ್ತಿತ್ತು. ಆ ದಾರಿ ನಡೆಯಲು ಬಾಲ್ಯದಿಂದ ಮೂವತ್ತರವರೆಗೆ ಹಿಡಿಯಿತು. (ಮಕ್ಕಳನ್ನು ಕೂರಿಸಿಕೊಂಡು ನೋಡುವ ಸಿನಿಮಾ ಅಲ್ಲ ಅದು. ನನಗೇ ಎರಡು ರಾತ್ರಿ ಹಿತ್ತಲ ಬಾಗಿಲಿನ ಚಿಲಕ ಮತ್ತೆ ಮತ್ತೆ ನೋಡಬೇಕಾಯಿತು.)

ಪ್ರಶ್ನೆ: ನನ್ನ ಮಗಳಿಗೆ ಏಳು ವರ್ಷ. ಚೆನ್ನಾಗಿ ಕುಣಿಯುತ್ತಾಳೆ, ಮಾತೂ ಚುರುಕು. ಬೆಂಗಳೂರಿನಲ್ಲಿ ಸೀರಿಯಲ್ ಆಡಿಷನ್ ಇದೆ, ಕರೆದುಕೊಂಡು ಬನ್ನಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಮನೆಯವರಿಗೆ ಮನಸ್ಸಿಲ್ಲ. ಏನು ಮಾಡಲಿ ಅಕ್ಕೋರೇ?
(ಒಬ್ಬ ತಾಯಿ, ಕುಮಟಾ)

ತಂಗಿ, ಹೋಗು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ಹೋಗುವುದಾದರೆ ಕೆಲವು ವಿಷಯ ಗೊತ್ತಿರಲಿ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, ಮರುವರ್ಷ ನಿಯಮಗಳು ಬಂದವು. ಮಗುವನ್ನು ನಟನೆಗೆ ಬಳಸುವವರು ಮೊದಲು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸಬಾರದು. ವಿರಾಮ ಕೊಡದೆ ಮೂರು ಗಂಟೆ ದಾಟಿಸಬಾರದು. ಒಂದೇ ಸಮನೆ 27 ದಿನಕ್ಕಿಂತ ಹೆಚ್ಚು ಕೆಲಸ ಮಾಡಿಸಬಾರದು, ಶಾಲೆಯ ಪಾಠವೂ ತಪ್ಪಬಾರದು. ದುಡಿಮೆಯಲ್ಲಿ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಕರೆದವರ ಹತ್ತಿರ ಅನುಮತಿ ಪತ್ರ ತೋರಿಸಿ ಅಂತ ಮೊದಲೇ ಕೇಳು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅದೇ ಉತ್ತರ.

ಇಷ್ಟು ಬಿಗಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ನನ್ನ ತಂಗಿಯ ಮೊಮ್ಮಗನನ್ನು ಒಂದು ಜಾಹೀರಾತಿಗೆ ಕರೆದುಕೊಂಡು ಹೋಗಿದ್ದೆವು. ಯಾರದ್ದು ಅಂತ ಬರೆಯುವುದಿಲ್ಲ. ಜೊತೆಗೆ ಹೋದವಳು ನಾನೇ. ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದರು. ಅವನ ಸರದಿ ಬಂದಿದ್ದು ರಾತ್ರಿ ಒಂಬತ್ತಕ್ಕೆ. ಐದು ವರ್ಷದ ಪೋರ. ಒಂದು ಚಮಚ ಪಾಯಸ ಬಾಯಿಗಿಟ್ಟು ನಗಬೇಕು, ಅಷ್ಟೇ ಕೆಲಸ. ಹದಿನಾರು ಸಲ ತಿನ್ನಿಸಿದರು. ಹದಿನೇಳನೆಯದಕ್ಕೆ ವಾಂತಿ ಮಾಡಿಕೊಂಡ. ನಾನು ಅಷ್ಟು ವರ್ಷ ಮಕ್ಕಳ ಜೊತೆ ಕಳೆದವಳು, ಎಂಟನೇ ಸಲಕ್ಕೇ ಎದ್ದು ಕರೆದುಕೊಂಡು ಬರಬೇಕಿತ್ತು. ಇನ್ನೊಂದೇ ಸಲ ಅಕ್ಕಾ, ಇನ್ನೊಂದೇ ಸಲ ಅಂತ ಅವರು ಹೇಳುತ್ತಿದ್ದರು, ನಾನು ಕೂತಿದ್ದೆ. ಅವನು ಇವತ್ತಿಗೂ ಪಾಯಸ ಮುಟ್ಟುವುದಿಲ್ಲ.

ಆನಾ ವಿಷಯದಲ್ಲಿ ನನಗೆ ಮೆಚ್ಚಿಗೆಯಾಗಿದ್ದು ಏನು ಗೊತ್ತಾ? ಒಬ್ಬ ದೊಡ್ಡ ಮನುಷ್ಯ ಮಗುವಿಗಾಗಿ ಕತೆಯ ಹೆಸರುಗಳನ್ನೇ ಬದಲಿಸಿದ. ನಿನ್ನ ಮಗಳಿಗಾಗಿ ಆ ಸೀರಿಯಲ್ಲಿನವರು ಏನು ಬದಲಿಸುತ್ತಾರೆ ಅಂತ ಕೇಳು. ಊಟದ ಹೊತ್ತನ್ನಾದರೂ ಬದಲಿಸುತ್ತಾರಾ? ಮನೆಯವರ ಮುನಿಸನ್ನು ಆಮೇಲೆ ನೋಡಿಕೊಂಡರಾಯಿತು.

ಪ್ರಶ್ನೆ: ನಮ್ಮ ಪುನೀತ್ ರಾಜ್‌ಕುಮಾರ್ ಮಗುವಾಗಿದ್ದಾಗಲೇ ಶುರುಮಾಡಿ ದೊಡ್ಡ ಹೀರೋ ಆದರು. ಸ್ಪೇನಿನಲ್ಲಿ ಹಾಗೆ ಯಾರೂ ಇಲ್ಲವೇ? ಬಾಲನಟರು ಹೆಚ್ಚಾಗಿ ಕಳೆದೇಹೋಗುತ್ತಾರಲ್ಲ?
(ನಿವೃತ್ತ ನೌಕರ, ಕಾರವಾರ)

ಇದ್ದಾರೆ ಸರ್. ಹಾವಿಯೇರ್ ಬಾರ್ದೆಮ್. ನಟರ ಮನೆತನ, ತಾಯಿ ಪಿಲಾರ್ ಬಾರ್ದೆಮ್ ಕೂಡ ನಟಿ. ಐದಾರು ವರ್ಷದವರಿದ್ದಾಗ ಟಿವಿ ಧಾರಾವಾಹಿಯೊಂದರಲ್ಲಿ ಮೊದಲು ಕಾಣಿಸಿಕೊಂಡರು. ಅದನ್ನು ಮಾಡಿದವರು ಫೆರ್ನಾಂದೋ ಫೆರ್ನಾನ್ ಗೋಮೆಸ್, ನಮ್ಮ ಆನಾಳ ಸಿನಿಮಾದ ಅಪ್ಪ! ಹುಡುಗ ದೊಡ್ಡವನಾಗಿ ಆಸ್ಕರ್ ತಂದ.

ಪುನೀತ್ ಕೂಡ ಸೀದಾ ನಡೆದು ಬಂದವರಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ. 'ಬೆಟ್ಟದ ಹೂವು' 1985ರದ್ದು, ಅದಕ್ಕೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. 'ಅಪ್ಪು' ಬಂದಿದ್ದು 2002ರಲ್ಲಿ. ನಡುವೆ ಎಷ್ಟು ವರ್ಷ ಆಯಿತು ನೋಡಿ.

ಕಳೆದುಹೋಗುವುದು ಅಂದಿರಲ್ಲ, ಆ ಮಾತು ನನಗೆ ಅಷ್ಟು ಒಗ್ಗುವುದಿಲ್ಲ. 1955ರಲ್ಲಿ 'ಮಾರ್ಸೆಲಿನೋ ಪಾನ್ ಇ ವೀನೋ' ಎಂಬ ಸಿನಿಮಾದಿಂದ ಪಾಬ್ಲಿತೋ ಕಾಲ್ವೋ ಎಂಬ ಹುಡುಗ ಜಗತ್ತಿಗೇ ಗೊತ್ತಾದ. ದೊಡ್ಡವನಾಗುವ ಹೊತ್ತಿಗೆ ಸಿನಿಮಾ ಬಿಟ್ಟು ಎಂಜಿನಿಯರಿಂಗ್ ಓದಿದ. ನಮ್ಮ 'ಮಾಲ್ಗುಡಿ ಡೇಸ್' ಸ್ವಾಮಿ, ಮಾಸ್ಟರ್ ಮಂಜುನಾಥ್ ಕೂಡ ಬೆಳೆದ ಮೇಲೆ ನಟನೆ ಬಿಟ್ಟು ಬೇರೆ ಕೆಲಸ ಹಿಡಿದರು. ಇನ್ನು ಮಾರಿಸೋಲ್ ಅಂತ ಒಬ್ಬರು. ನಿಜ ಹೆಸರು ಪೆಪಾ ಫ್ಲೋರೆಸ್. 1960ರಲ್ಲಿ ಹುಡುಗಿಯಾಗಿ ಬಂದು, ಹಾಡಿ ಕುಣಿದು ಇಡೀ ಸ್ಪೇನಿನ ಮನೆಮಗಳಾದರು. 1985ರ ಸುಮಾರಿಗೆ ಎಲ್ಲ ಬಿಟ್ಟು ಮನೆ ಸೇರಿದರು. 2020ರಲ್ಲಿ ಅವರದೇ ಊರು ಮಾಲಗಾದಲ್ಲಿ ಗೋಯಾ ಗೌರವ ಪ್ರಶಸ್ತಿ ಕೊಟ್ಟರು. ಅದಕ್ಕೂ ಬರಲಿಲ್ಲ. ಹೆಣ್ಣುಮಕ್ಕಳು ಹೋಗಿ ತೆಗೆದುಕೊಂಡರು. ಊರಲ್ಲೇ ಸಮಾರಂಭ ಇದ್ದೂ ಹೋಗಲಿಲ್ಲ ಅಂದರೆ, ಅವರು ಕಳೆದುಹೋಗಿದ್ದಲ್ಲ ಸರ್. ಬಾಗಿಲು ಹಾಕಿಕೊಂಡಿದ್ದು.

ಪ್ರಶ್ನೆ: ಸ್ಪ್ಯಾನಿಷ್ ಬಾರದೆ ನೀವು ಆ ಸಿನಿಮಾಗಳನ್ನು ಹೇಗೆ ನೋಡಿದಿರಿ? ಆನಾ ಅವರ ಒಂದೇ ಒಂದು ದೃಶ್ಯ ನೋಡಬೇಕು ಅಂದರೆ ಯಾವುದು?
(ಪಿಯುಸಿ ವಿದ್ಯಾರ್ಥಿನಿ, ಯಲ್ಲಾಪುರ)

ನನ್ನ ತಮ್ಮನ ಮಗ ಮಳೆಗಾಲದಲ್ಲಿ ಊರಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ. ಅದು ಓಡುವ ವೇಗಕ್ಕೆ ನನ್ನ ಕನ್ನಡಕ ಓಡುವುದಿಲ್ಲ. ಅರ್ಧಕ್ಕೆ ಓದುವುದು ಬಿಟ್ಟೆ. ನಷ್ಟ ಏನೂ ಆಗಲಿಲ್ಲ. ನನ್ನ ಮೊದಲ ಪೋಸ್ಟಿಂಗ್ ಕಾರವಾರದ ಕಾಳಿ ಹೊಳೆಯ ಆಚೆ ದಡದಲ್ಲಿ. ಕ್ಲಾಸಿನ ಮುಕ್ಕಾಲು ಮಕ್ಕಳದ್ದು ಕೊಂಕಣಿ. ನನ್ನ ಕನ್ನಡ ಅವರಿಗೆ ತಿಳಿಯದು, ಅವರ ಕೊಂಕಣಿ ನನಗೆ ತಿಳಿಯದು. ಜೂನ್‌ನಿಂದ ದೀಪಾವಳಿವರೆಗೆ ಕಣ್ಣಿನಲ್ಲೇ ಮಾತಾಡಿಕೊಂಡೆವು. ಆನಾಳ ಭಾಷೆ ನನಗೆ ಅಲ್ಲೇ ಬಂದಿತ್ತು.

ದೃಶ್ಯ ಒಂದಲ್ಲ, ಎರಡು ಹೇಳುತ್ತೇನೆ. ಮೊದಲ ಸಿನಿಮಾದಲ್ಲಿ ದೈತ್ಯನನ್ನು ಯಾಕೆ ಕೊಂದರು ಅಂತ ಆನಾ ಕೇಳುತ್ತಾಳೆ. ಅಕ್ಕ ಇಸಬೆಲ್ ಕತ್ತಲಲ್ಲಿ, ಹಾಸಿಗೆಯಲ್ಲಿ ಪಿಸುಗುಡುತ್ತಾಳೆ. ಸಿನಿಮಾದಲ್ಲಿ ಬರುವುದೆಲ್ಲ ಸುಳ್ಳು, ಅವನು ಸತ್ತಿಲ್ಲ, ಅವನೊಂದು ಆತ್ಮ. ಅವನ ಗೆಳತಿಯಾದರೆ ಕಣ್ಣು ಮುಚ್ಚಿ 'ನಾನು ಆನಾ' ಅನ್ನು, ಬರುತ್ತಾನೆ. ಅಕ್ಕಂದಿರು ಹೇಳುವ ಸುಳ್ಳು ಎಲ್ಲ ಊರಲ್ಲೂ ಒಂದೇ ಥರ! ಕೊನೆಗೆ ಒಂದು ರಾತ್ರಿ ಅವಳು ಕಿಟಕಿ ತೆರೆದು ನಿಂತು ಕಣ್ಣು ಮುಚ್ಚುತ್ತಾಳೆ. 'ಸೋಯ್ ಆನಾ', ನಾನು ಆನಾ.

ಇದಾಗಿ ಐವತ್ತು ವರ್ಷ. 2023ರಲ್ಲಿ ಅದೇ ಎರಿಸೆ, ತಮ್ಮ 82ನೇ ವಯಸ್ಸಿನಲ್ಲಿ, 'ಸೆರ್ರಾರ್ ಲೋಸ್ ಓಹೋಸ್' ಅಂತ ಇನ್ನೊಂದು ಸಿನಿಮಾ ತಂದರು. ಹೆಸರಿನ ಅರ್ಥವೇ 'ಕಣ್ಣು ಮುಚ್ಚುವುದು'. ಶೂಟಿಂಗ್ ನಡುವೆ ಕಾಣೆಯಾದ ಒಬ್ಬ ನಟ ಎಷ್ಟೋ ವರ್ಷದ ಮೇಲೆ ಸಿಗುತ್ತಾನೆ. ನೆನಪು ಹೋಗಿದೆ. ಮಗಳು ನೋಡಲು ಬರುತ್ತಾಳೆ. ಮಗಳ ಹೆಸರು ಆನಾ. ಪಾತ್ರ ಮಾಡಿದವರು ಆನಾ ತೊರೆಂತ್. ಎರಿಸೆ ಈ ಸಲವೂ ಹೆಸರು ಬದಲಿಸಲಿಲ್ಲ ನೋಡು. ಅಪ್ಪ ಗುರುತು ಹಿಡಿಯುವುದಿಲ್ಲ. ಅವರು ಎದುರು ಕೂತು, ಕಣ್ಣು ಮುಚ್ಚಿ, 'ಸೋಯ್ ಆನಾ' ಅನ್ನುತ್ತಾರೆ. ಕಣ್ಣಿನ ಸುತ್ತ ಸುಕ್ಕು ಬಂದಿದೆ. ಅಷ್ಟು ಹೊತ್ತಿಗೆ ನಮ್ಮಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ ಓಡುತ್ತಿತ್ತು. ಕತ್ತಲಲ್ಲಿ ಆ ಮುಖ ಒಂದೇ. ತಮ್ಮನ ಮಗ "ಅತ್ತೆ, ಅಳ್ತಾ ಇದ್ದೀಯಾ?" ಅಂತ ಕೇಳಿದ. ಹೊಗೆ ಅಂದೆ. ಒಲೆ ಆರಿ ಎರಡು ಗಂಟೆಯಾಗಿತ್ತು.

ಎರಡನ್ನೂ ಒಂದೇ ದಿನ ನೋಡಬೇಡ. ನಡುವೆ ಒಂದು ವಾರವಾದರೂ ಬಿಡು.

ಪ್ರಶ್ನೆ: ಜೇನಿನ ಸಿನಿಮಾ ಅಂತ ಮಗಳು ನೋಡಲು ಕೂರಿಸಿದಳು. ಜೇನು ಕಾಣಿಸಿದ್ದು ಸ್ವಲ್ಪವೇ. ಅದಿರಲಿ, ನನ್ನ ಪೆಟ್ಟಿಗೆಗಳಿಗೆ ಇರುವೆ ಹತ್ತುತ್ತಿದೆ.
(ಜೇನು ಸಾಕಣೆದಾರ, ಸಿದ್ದಾಪುರ)

ನಿಮ್ಮ ಬೇಸರ ಅರ್ಥವಾಗುತ್ತದೆ. ಅಪ್ಪ ಮುಸುಕು ಹಾಕಿಕೊಂಡು ಪೆಟ್ಟಿಗೆ ನೋಡುತ್ತಾನೆ, ಮನೆಯೊಳಗೆ ಗಾಜಿನ ಪೆಟ್ಟಿಗೆಯೊಂದಿದೆ, ಕಿಟಕಿಯ ಗಾಜು ಎರಿಯ ಕಣ್ಣಿನ ಹಾಗೆ ಆರು ಮೂಲೆಯದ್ದು, ಬೆಳಕು ತುಪ್ಪದ ಬಣ್ಣದ್ದು. ಅಷ್ಟೇ. ಅದೂ ನಮ್ಮ ತುಡುವೆ ಅಲ್ಲ, ಅವರ ಯುರೋಪಿನ ಜೇನು, ಮೆಲ್ಲಿಫೆರಾ. ತುಪ್ಪ ತೆಗೆಯುವುದನ್ನಂತೂ ತೋರಿಸುವುದೇ ಇಲ್ಲ.

ಇರುವೆಗೆ, ಸ್ಟ್ಯಾಂಡಿನ ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ. ನೀರು ಆರಿದೆಯಾ ಅಂತ ಎರಡು ದಿನಕ್ಕೊಮ್ಮೆ ನೋಡಿ. ಹುಲ್ಲು ಬೆಳೆದು ಸ್ಟ್ಯಾಂಡಿಗೆ ತಾಗಿದ್ದರೆ ಮೊದಲು ಅದನ್ನು ಕೊಯ್ಯಿರಿ, ಇರುವೆ ಅದರ ಮೇಲೆ ಹತ್ತಿ ಬರುತ್ತದೆ.